ನೋಡದಿರುವುದನ್ನು ಕಲಿತದ್ದು

ಪೆನಿಷೆಯ ಬಂದರಿನಲ್ಲಿ ಸಾರ್ಡೀನ್ ಡಬ್ಬಿಗೆ ತುಂಬುವ ಕೈ ನನ್ನದು.
ತಲೆ ಕತ್ತರಿಸು, ಎಣ್ಣೆ ಹುಯ್ಯಿ, ಮುಚ್ಚಳ ಒತ್ತು:
ಎಂಟು ಗಂಟೆ ಒಂದೇ ಕೆಲಸ ಮಾಡಿದ ಭುಜ
ಮನೆಗೆ ಬಂದ ಮೇಲೂ ತಾನಾಗಿ ಅಲುಗುತ್ತದೆ.
ಅದಕ್ಕೆ ಯಾರೂ ಹೆಸರಿಟ್ಟಿಲ್ಲ.

ದೆಲ್ಫಿಮ್‌ನ ಭುಜಕ್ಕೆ ಹೆಸರಿಟ್ಟರು
ಅವನಿಗೆ ಏಳು ತುಂಬಿದ ಚಳಿಗಾಲ, ಲಿಸ್ಬನ್ನಿನ ಆಸ್ಪತ್ರೆಯಲ್ಲಿ:
ಟುರೆಟ್.
ಬಸ್ಸಿನಲ್ಲಿ ಮರಳುವಾಗ ಕೇಳಿದ,
"ಅಮ್ಮಾ, ಅದು ಊರಿನ ಹೆಸರಾ?"
ಹೌದೆನ್ನಲೋ ಅಲ್ಲವೆನ್ನಲೋ ತಿಳಿಯದೆ
ಕಿತ್ತಳೆ ಸುಲಿದು ಕೊಟ್ಟೆ.

ಅದಕ್ಕೂ ಮೊದಲಿನ ಎರಡು ವರ್ಷದ್ದು ಹೇಳಿಬಿಡುತ್ತೇನೆ,
ಹೊಟ್ಟೆಯಲ್ಲಿಟ್ಟುಕೊಂಡರೆ ಹುಳಿಯಾಗುತ್ತದೆ.
ಕಣ್ಣು ಪಟಪಟ ಬಡಿದಾಗ ಕನ್ನಡಕ ತಂದೆವು.
ಗಂಟಲು ಹ್ಞುಂ ಎಂದಾಗ ಜೇನು ನೆಕ್ಕಿಸಿದೆವು.
ಕತ್ತು ಬಲಕ್ಕೆ ಎಗರಿದಾಗ ಅವನಪ್ಪ ಬಲ್ತಜಾರ್,
ದೋಣಿ ಎಂಜಿನ್ನುಗಳ ಕೆಮ್ಮನ್ನು ಕಿವಿಯಿಟ್ಟೇ ಗುರುತಿಸುವವನು,
ಮೇಜು ಗುದ್ದಿ "ನಿಲ್ಲಿಸು!" ಅಂದ.
ಮಗು ನಿಲ್ಲಿಸಿತು.
ಸೂಪು ಆರುವವರೆಗೆ ನಿಲ್ಲಿಸಿತು.
ಆಮೇಲೆ ಕತ್ತು ಹನ್ನೊಂದು ಸಲ ಎಗರಿತು, ಎಣಿಸಿದೆ,
ಚಮಚ ಹಾರಿ ಗೋಡೆಗೆ ತಾಗಿತು.
ಎಣಿಸಿದ್ದು ನನ್ನ ತಪ್ಪು.

ಶಾಲೆಯಲ್ಲಿ ಒತೀಲಿಯಾ ಟೀಚರ್ ಅಂದರು,
"ಇಲ್ಲಿ ಚೆನ್ನಾಗಿಯೇ ಇರುತ್ತಾನಲ್ಲ. ಮನೆಯಲ್ಲಿ ಏನಾದರೂ..."
ಆ ಮೂರು ಚುಕ್ಕಿಗಳನ್ನು ಹೊತ್ತುಕೊಂಡು ಮನೆಗೆ ಬಂದೆ.
ನಾಲ್ಕೂವರೆಗೆ ಬಾಗಿಲು ತೆರೆಯಿತು.
ಚೀಲ ಒಂದು ಕಡೆ, ಬೂಟು ಒಂದು ಕಡೆ,
ಬೆಳಗಿನಿಂದ ಹಲ್ಲು ಕಚ್ಚಿ ಹಿಡಿದದ್ದೆಲ್ಲ
ಬಲೆಯಿಂದ ಸುರಿದ ಮೀನಿನಂತೆ ನಡುಮನೆಯ ತುಂಬ:
ಭುಜ, ಕಣ್ಣು, ಹ್ಞುಂ, ಹ್ಞುಂ, ನಾಯಿಮರಿಯದೊಂದು ಸದ್ದು.

ಅತ್ತೆ ಎರ್ಮೆಲಿಂದಾ ಮಾತ್ರ ತಲೆಯೆತ್ತಲಿಲ್ಲ.
ಕಿಟಕಿಯ ಬಳಿ ದಿಂಬು, ದಿಂಬಿನ ತುಂಬ ಗುಂಡುಸೂಜಿ,
ಮರದ ಕಡ್ಡಿಗಳು ಕಟಕಟ ಕಟಕಟ ಲೇಸು ಹೆಣೆಯುತ್ತ.
"ಅಜ್ಜಿ, ನಿನಗೆ ಕೇಳಿಸಲ್ವಾ?"
"ಕೇಳಿಸುತ್ತೆ. ನನ್ನ ಕಟಕಟ ನಿನಗೆ ಕೇಳಿಸಲ್ವಾ?
ಬಾ, ಈ ದಾರ ಹಿಡಿ."
ಹಿಡಿದ. ಕೈ ಎಗರಿ ಗಂಟು ಬಿತ್ತು.
ಆ ಗಂಟನ್ನು ಅವಳು ಬಿಚ್ಚಲಿಲ್ಲ.

ಕುರುಡಲ್ಲದ, ಕಿವುಡಲ್ಲದ ಆ ನೋಡದಿರುವಿಕೆ
ಕಲಿಯಲು ನನಗೆ ಒಂದು ವರ್ಷ ಹಿಡಿಯಿತು.
ಬಲ್ತಜಾರನಿಗೆ ಪೂರ್ತಿ ಇನ್ನೂ ಬಂದಿಲ್ಲ.
ಈಗ ಮೇಜು ಗುದ್ದುವುದಿಲ್ಲ, ಎದ್ದು ಹೋಗಿ
ಪಾತ್ರೆ ತೊಳೆಯುತ್ತಾನೆ, ತೊಳೆದದ್ದನ್ನೇ.

ಒಂದು ಸಂಜೆ ಟೀಚರನ್ನು ಮನೆಗೆ ಕರೆದೆ.
ಹೊಸಿಲಲ್ಲಿ ಅವರನ್ನು ಕಂಡದ್ದೇ ದೆಲ್ಫಿಮ್
ಕುರ್ಚಿಯ ತುದಿಯಲ್ಲಿ ಕುಳಿತ, ಎರಡೂ ಕೈ ತೊಡೆಯಡಿ.
ಹನ್ನೆರಡು ನಿಮಿಷ. ಹಣೆಯಂಚಿನಲ್ಲಿ ಬೆವರು,
ಕಿವಿ ಕೆಂಪು, ಕೆನ್ನೆಯೊಳಗೆ ಕಚ್ಚಿದ ಹಲ್ಲಿನ ಉಬ್ಬು.
ಇದನ್ನೇ ಅವರು ದಿನಾ ನೋಡಿದ್ದರು.
ಅಂದು ಕಂಡಿತು. ಕಾಫಿ ಹಾಗೇ ಉಳಿಯಿತು.

ಆಮೇಲೆ ಬಾಗಿಲ ಪಕ್ಕದ ಬೆಂಚು ಅವನದಾಯಿತು,
ಜೇಬಿನಲ್ಲಿ ಹಳದಿ ಚೀಟಿ: ಮೇಜಿನ ಮೇಲಿಟ್ಟರೆ ಸಾಕು,
ಯಾರನ್ನೂ ಕೇಳದೆ ಕಡಲ ಕಡೆಯ ಮೆಟ್ಟಿಲಿಗೆ ಹೋಗಬಹುದು.
ಪರೀಕ್ಷೆಗೆ ಬೇರೆ ಕೋಣೆ, ಇನ್ನಷ್ಟು ಹೊತ್ತು.
ತರಗತಿಗೆ ಅವನೇ ಹೇಳಿದ:
"ಸೀನು ಬಂದಾಗ ತಡೆದು ನೋಡಿ. ಅದೇ. ದಿನವಿಡೀ."
ತಡೆಯಲು ಹೋಗಿ ಮೂಗಿನಿಂದ ಹಾಲು ಬಂದ ಗೊನ್ಸಾಲೊ
ಅವನ ಗೆಳೆಯನಾದ.
ಎಲ್ಲರೂ ಆಗಲಿಲ್ಲ. ಒಬ್ಬ ಈಗಲೂ ಕತ್ತು ಕುಣಿಸಿ ಅಣಕಿಸುತ್ತಾನೆ,
ಟೀಚರು ಅವನನ್ನು ಕರೆಯುತ್ತಾರೆ, ಮತ್ತೆ ಕರೆಯುತ್ತಾರೆ.

ನಿನ್ನೆ ಬಸ್ಸಿನಲ್ಲಿ ಒಬ್ಬಾಕೆ ಅವನ ಒಂದೊಂದು ಹ್ಞುಂಗೂ ತಿರುಗಿ
"ಚ್ಚು" ಅಂದರು. ಮತ್ತೆ "ಚ್ಚು".
ನನ್ನ ನಾಲಿಗೆ ಹರಿತವಾಗುತ್ತಿತ್ತು. ಅವನು ಕಿವಿಯಲ್ಲಿ ಹೇಳಿದ,
"ಪಾಪ ಅಮ್ಮಾ, ಅವರಿಗೂ ತಡೆಯಕ್ಕಾಗಲ್ಲ."

ರಾತ್ರಿ ಅವನ ಪಕ್ಕ ಒರಗಿದ್ದೆ. ನಿದ್ದೆಯಲ್ಲಿ ಆ ಪುಟ್ಟ ಭುಜ
ಸುಮ್ಮನಿತ್ತು. ನನ್ನದು ಅಲುಗುತ್ತಿತ್ತು,
ಮುಚ್ಚಳ ಒತ್ತು, ಮುಚ್ಚಳ ಒತ್ತು.
ಕಣ್ಣು ಅರೆ ತೆರೆದ. ಕಂಡ.
ಏನೂ ಅನ್ನದೆ
ಹೊದಿಕೆಯ ಅರ್ಧ ನನ್ನ ಕಡೆಗೆ ತಳ್ಳಿ
ಆಚೆ ಹೊರಳಿದ.