ಹೋಗಿ ಬರೂ ನೀರು

ನಳದ ನೀರು ಹದಿನೈದು ದಿನಕ್ಕೊಮ್ಮೆ ಬರೂ
ಬೆಟಗೇರಿ ಓಣ್ಯಾಗ ನಾ ಒಂದು ಕಡಲು ಸಾಕೇನಿ.
ಉದ್ದ ನಾಲ್ಕು ಫೂಟು, ಎತ್ತರ ಎರಡು.
ಅಪ್ಪನ ಮಗ್ಗದ ಕುಣಿ ಮುಚ್ಚಿ, ಮ್ಯಾಲ ಕಡಪಾ ಕಲ್ಲು ಹಾಸಿ
ಅಲ್ಲೇ ಇಟ್ಟೇನಿ.

ಉಪ್ಪು ಮುಂಬೈದು. ಹವಳವೂ ಅಲ್ಲಿದಽ,
ಗೆಳೆಯನ ತೊಟ್ಟ್ಯಾಗ ಹುಟ್ಟಿ ಬೆಳೆದ ಹೆಬ್ಬೆರಳಿನಷ್ಟು ತುಂಡು.
ಥರ್ಮಾಕೋಲ್ ಡಬ್ಬ್ಯಾಗ ಕುಂತು, ರಾತ್ರಿಯೆಲ್ಲಾ ರೈಲಿನ್ಯಾಗ ಅಲುಗಿ
ಗದಗ ಸ್ಟೇಷನ್ನಿಗೆ ಇಳೀತು.
"ನಿಂತ ನೀರಾಗ ಉಸಿರುಗಟ್ಟತೈತಿ ಇದಕ್ಕ," ಅಂದಿದ್ದ ಅವ,
"ಕಾಲಿಲ್ಲ ನೋಡು. ಉಣ್ಣೂದು ಅದಿದ್ದಲ್ಲಿಗೇ ನಡಕೊಂತ ಬರಬೇಕು."

ಅಂಗಡ್ಯಾಗಿನ ಅಲೆಯಂತ್ರದ ರೇಟು ಕೇಳಿದೆ.
ಫೋನು ಕೆಳಗಿಟ್ಟೆ.

ದಾದಾಪೀರನ ವೈಂಡಿಂಗ್ ಅಂಗಡ್ಯಾಗ
ಗುಜರಿ ಬಸ್ಸಿನ ವೈಪರ್ ಮೋಟರ್ ಸಿಕ್ಕಿತು.
"ಮಳಿ ಒರಸಿ ಒರಸಿ ಬ್ಯಾಸತ್ತೈತಿ,
ಇನ್ನ ಸಮುದ್ರ ಒರಸಲಿ ತಗೋ" ಅಂತ ನಕ್ಕ.
ಮೂರು ದಿನ ಒರಸಿತು. ನಾಲ್ಕನೇ ದಿನ
ಗರ್ರ್ ಅಂತ ಹಲ್ಲು ಕಡದು ಸುಮ್ಮನಾತು.

ಆಮ್ಯಾಲ ಪೇಂಟಿನ ಬಕೀಟು ಸೀಳಿದೆ. ಅಡ್ಡಕ್ಕ ತೂಗಹಾಕಿದೆ.
ಅಚ್ಚಿಗೆ, ಕಂಡಿಕಿ ಸುತ್ತೂ ರಾಟಿಯ ಕದಿರು.
ಕೂಲರಿನ ಪಂಪು ಸಣ್ಣಗೆ ನೀರೇರಿಸತಿತ್ತು,
ತುಂಬೂತನಾ ಬಕೀಟು ದೇವರಂಥಾದ್ದು,
ತುಂಬಿತೋ, ಧಬಾಲ್!
ಅರ್ಧ ಕಡಲು ಗ್ವಾಡಿಗೆ. ಕ್ಯಾಲೆಂಡರಿನ್ಯಾಗ
ಶ್ರಾವಣ ಮಾಸ ಪೂರಾ ತೋಯ್ತು.
"ನಡುರಾತ್ರ್ಯಾಗ ಅರಿವಿ ಒಗೀತೀರೇನ್ರಿ?" ಅಂತ ಬಾಜೂಮನಿಯವರು.

ಎಂಟು ದಿನಕ್ಕ ಹವಳ ಬಾಯಿ ಮುಚ್ಚಿತು.
ಕದಿರು ಬಿಚ್ಚಿ ನೋಡಿದರ ಕೆಂಪು ತುಕ್ಕು.
ಅಪ್ಪನ ಕೈಯೆಣ್ಣಿ ನಲವತ್ತು ವರ್ಷ ಕಾಯ್ದ ಕಬ್ಬಿಣ.

ಶುದ್ಧ ನೀರಿನ ಘಟಕದಾಗ ಐದು ರೂಪಾಯಿ ನಾಣ್ಯ ಹಾಕಿ ಹಾಕಿ
ಹತ್ತು ಕ್ಯಾನು ತುಂಬಿಸಿದೆ.
ಪಾಳ್ಯಾಗ ನಿಂತವರು ಕೇಳಿದರು: "ಮನ್ಯಾಗ ಮದುವೇನು?"
ಹೂಂ ಅಂದೆ. ಏನನ್ನಲಿ?

ಚೌಡವ್ವತ್ತಿ ಬಂದು ಸ್ಟೂಲ್ ಮ್ಯಾಲ ಕುಂತಳು.
ಇದೇ ಕುಣ್ಯಾಗ ಕಾಲಿಳಿಬಿಟ್ಟು ಲಾಳಿ ಒಗೆದಾಕಿ.
ಭಾಳ ಹೊತ್ತು ನೋಡಿ ಅಂದಳು:
"ನಿನ್ನ ನೀರು ಒಂದಽ ಕಡೆ ಹೊಂಟೈತೆಲ್ಲೋ.
ಮನಿ ಬಿಡೂ ಮುಂದ 'ಹೋಗ್ತೇನಿ' ಅಂತಾರೇನು ಯಾರರ?
'ಹೋಗಿ ಬರ್ತೇನಿ' ಅನಬೇಕು."
ಖಾಲಿ ಕೈಯಿಂದ ಗಾಳ್ಯಾಗ ಲಾಳಿ ಒಗೆದು ತೋರಿಸಿದಳು.
ಎಡಕ್ಕ. ಬಲಕ್ಕ. ನನ್ನ ಕಣ್ಣೂ ಹಿಂದಽ ಹೋಗಿ ಬಂದ್ವು.

ಈಗ ಬಕೀಟಿಗೆ ನಡುವ ಒಂದು ಗ್ವಾಡಿ. ಅಚ್ಚು ಪ್ಲಾಸ್ಟಿಕ್ ಪೈಪಿಂದು.
ಒಂದು ಮಗ್ಗಲು ತುಂಬಿ ಬಾಗಿದರ
ಇನ್ನೊಂದು ಎದ್ದು ಧಾರೆಗೆ ಬಾಯೊಡ್ಡತೈತಿ.
ಖಟ್, ಝಳ್.
ನಿಮಿಷದ ಮ್ಯಾಲ, ಆ ಕಡಿಂದ, ಖಟ್, ಝಳ್.
"ಇಷ್ಟು ನಿಧಾನ ನೇಯ್ದರ ಸೀರಿ ಯಾವಾಗ ಮುಗಿಯೂದು?" ಅಂತ ಅತ್ತಿ.

ಹವಳ ಬಾಯಿ ಬಿಟ್ಟೈತಿ.
ರಾತ್ರಿ ನೋಡಬೇಕು, ಗಂಜಿ ಕಾಣದ ಎಳಿ ಹಂಗ
ಸಣ್ಣ ಸಣ್ಣ ಬೆರಳು.

ನಿನ್ನೆ ಎರಡಕ್ಕ ಕರೆಂಟು ಹೋತು.
ಶಬ್ದ ನಿಂತದ್ದಕ್ಕ ಎಚ್ಚರಾದೆ. ನನಗಿಂತ ಮೊದಲ
ಬನಶಂಕರಿ ಎದ್ದಾಳ, ಕತ್ತಲದಾಗ ತಂಬಿಗಿ ಹುಡುಕ್ಯಾಳ,
"ಹಿತ್ತಾಳಿದು ಬ್ಯಾಡ" ಅನ್ನೂದರಾಗ
ಕೈಯಾಗ ಪ್ಲಾಸ್ಟಿಕ್ ಮಗ್.
ಎಡಕ್ಕೊಂದು ಸುರೀತಾಳ, ಬಲಕ್ಕೊಂದು,
ನಾ ಮೊಬೈಲ್ ಬೆಳಕು ಹಿಡದೇನಿ.
ಬಗ್ಗಿದಾಗೊಮ್ಮೆ ತಾಳಿಯ ಎರಡು ಹವಳ
ಗಾಜಿಗೆ ಬಡಿದು ಟಿಣ್ ಅಂದ್ವು.
ಒಳಗಿನದು ಒಂದು ಕ್ಷಣ ಬೆರಳು ಮಡಚಿತು.
ಮತ್ತ ಬಿಚ್ಚಿತು.

ಮೂರೂವರಿತನಾ ಸುರುವಿದ್ದಾಳ.