ನೀಲಿ ಮೊದಲ ಹೋಗತದ

ಪುಣೆಯಿಂದ ರೈಲಿನಾಗ ಬಂದಿತ್ತು ಡಬ್ಬಿ, ಮೂರು ರೀಲು.
ಮುಚ್ಚಳ ತೆಗೆದರ ಹುಳಿ ವಾಸನಿ, ಮೂಗು ಸುಡೂವಂಥಾದ್ದು.
ಗದಗಿನ ಕಾಲೇಜಿನ ಕೆಮಿಸ್ಟ್ರಿ ಹಾಲಿನಾಗ ಹದಿನೇಳು ಮಂದಿ,
ಧೋತರದ ಪರದೆ. ಕಪ್ಪತಗುಡ್ಡದ ಕಡಿಂದ ಗಾಳಿ ಬಂದಾಗೊಮ್ಮೆ
ಹೊಟ್ಟಿ ಉಬ್ಬಿಸಿಕೊಂಡು ನಿಂದರತಿತ್ತು.

ಪ್ರೊಜೆಕ್ಟರ್ ನಂದು.
ತುಳಜಾಸಾ ಕಾಕಾನ್ನ ಸುಮ್ಮನ ಕರಕೊಂಡು ಬಂದಿದ್ದೆ,
ಬೆಟಗೇರಿಯೊಳಗ ನಲವತ್ತು ವರ್ಷ ನೂಲಿಗೆ ಬಣ್ಣ ಹಾಕಿದಾಂವ,
ಮೊಣಕೈತನಕ ನೀಲಿ, ಉಗುರಿನ ಬುಡಕ್ಕ ಅರಿಷಿಣ.

ದೀಪ ಆರಿತು.
ಎಲ್ಲಾ ಗುಲಾಬಿ.
ಆಕಾಶ, ನದಿ, ನದಿಗಿಳಿದ ಕುದುರಿ,
ಗಾಯದ ಹಕ್ಕಳಿ ಕಿತ್ತಾಗ ಕಾಣತದಲ್ಲ, ಆ ಗುಲಾಬಿ.
ಯಾವುದೋ ದೇಶದ ಹೆಣ್ಮಗಳು ಗ್ವಾಡಿಗೆ ಆತು ನಿಂತು
ಏನೋ ಹೇಳತಾಳ, ಕೆಳಗಿನ ಅಕ್ಷರ ಮಸಕು.
ಹಿಂದಿನ ಬೆಂಚಿನಾಂವ ನಕ್ಕ. ಪ್ರೊಫೆಸರ್ ಕೆಮ್ಮಿದರು:
'ಒಂದು ಕಾಲಕ್ಕ ಜಗತ್ತು ಬೆರಗಾದ ಬಣ್ಣ ಇದು. ಊಹಿಸಿಕೊಳ್ರಿ.'

ಕಾಕಾ ಮುಂದ ಬಾಗಿದ,
ಲಡಿ ಹಿಂಡಿ ಬಿಸಿಲಿಗೆ ಹಿಡಿದು ನೋಡೂ ಕಣ್ಣು.
'ನೀಲಿ ಮೊದಲ ಹೋಗತದ,' ಅಂದ ನನ್ನ ಕಿವಿಯೊಳಗ.
'ಅದರ ಬೆನ್ನ ಹತ್ತಿ ಹಳದಿ ಸೊರಗತದ.
ಕೆಂಪು ಜಿಗುಟು, ಸತ್ತರೂ ಬಿಡಂಗಿಲ್ಲ.
ಹೋದದ್ದು ವಾಪಸ್ ಹಾಕಿ ನೋಡೋ ತಮ್ಮಾ.

ಆ ಗ್ವಾಡಿ ನೀಲಿ, ಎರಡು ಮುಳುಗಿಂದು.
ಹುಡುಗನ ಅಂಗಿ ಬಿಳಿ ಅಲ್ಲ, ತೆಳು ಆಕಾಶ, ಅದ್ದಿ ತೆಗೆದದ್ದಷ್ಟ.
ಅಕಿ ಕೋಟು ಹಸರು. ಗಿಳಿ ಹಸರಲ್ಲ,
ಇಬ್ಬನಿಗೆ ಹುಳಿ ಬಿಡೂ ಕಡ್ಲಿ ಗಿಡದ್ದು.
ಅದಕ್ಕ ಅಕಿನ್ನ ಆ ಗ್ವಾಡಿ ಮುಂದ ನಿಲ್ಲಿಸ್ಯಾನ ಕ್ಯಾಮೆರಾದಾಂವ.
ಒಡಲಿಗೆ ದಡಿ ಕೂಡಿಸಿದಂಗ.
ಭಾರಿ ಮನಶಾ.'

ಕಥಿ ಏನಾತು ಕಾಕಾಗ ಗೊತ್ತಿಲ್ಲ,
ಅಕಿ ಸತ್ತಳೋ, ಊರು ಬಿಟ್ಟಳೋ.
ಮೂರನೇ ರೀಲು ಎರಡು ಸಲ ಹರೀತು, ಅಂಟಿಸಿದೆ.
ಸ್ಟೇಶನ್ ರೋಡಿನಾಗ ಚಹಾ ಆರಿಹೋತು,
ಆಂವ ತನ್ನ ಕೈ ತಾನ ಹೊರಳಿಸಿ ನೋಡಕೋತ ಕೂತಿದ್ದ.

ಕಾಕಾ ಹೋಗಿ ಒಂಬತ್ತು ವರ್ಷ.
ಮೊನ್ನೆ ಹುಬ್ಬಳ್ಳಿಯೊಳಗ
ತೊಳೆದು ತಿದ್ದಿದ ಹೊಸಾ ಪ್ರತಿ ತೋರಿಸಿದರು.
ಗ್ವಾಡಿ ನೀಲಿ. ಹೌದು, ಎರಡು ಮುಳುಗಿಂದ.
ಅಂಗಿ ತೆಳು ಆಕಾಶ.
ಕೋಟು ಬೂದಿ.
ಬರೇ ಬೂದಿ.

ತಪ್ಪಿತ್ತೋ ಕಣ್ಣು,
ಅಕಿಗೆ ಒಪ್ಪತದ ಅಂತ ತಾನ ಹಾಕಿಬಿಟ್ಟಿದ್ದನೋ.

'ಎಂಥಾ ಬೂದಿ!' ಅಂತ ಬಾಜೂಕಿನ ಹುಡುಗಿ ಉಸಿರು ಹಿಡಿದಳು.
ಖರೇನ, ಚಂದಿತ್ತು.
ನಾ ಮಾತ್ರ ಕತ್ತಲದಾಗ
ಮುಂಜಾನಿ ಕಡ್ಲಿ ಹೊಲಾ ನೋಡಕೋತ ಕೂತೆ,
ನಾಲಗಿ ತುದಿಗೆ ಹುಳಿ.