ಲೆಕ್ಕದ ಪುಸ್ತಕದ ಕೊನೇ ಪುಟ

ಐಸ್ ಪ್ಲಾಂಟಿನ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ
ಹೋದ ಸುಗ್ಗಿ ತಿಂಗಳಲ್ಲಿ ಬರೆದಿಟ್ಟದ್ದು:
ಬಸ್ಸು, ಎರಡು ಟಿಕೇಟು. ರೂಮು, ಒಂದು ರಾತ್ರಿ.
ಉಣ್ಣೆಯ ಟೊಪ್ಪಿ ಒಂದು, ಇವರಿಗೆ.
ನನಗೆ ಬೇಡ. ನನಗೆ ಚಳಿ ಅಭ್ಯಾಸ.

ಹದಿನಾಲ್ಕು ವರ್ಷದಿಂದ ಮಲ್ಪೆ ಬಂದರಿನಲ್ಲಿ
ಮಂಜುಗಡ್ಡೆ ಎಣಿಸುವವಳು ನಾನು.
ಬೇಶದ ಸೆಕೆಯಲ್ಲೂ ಬೆರಳ ತುದಿ ಮರಗಟ್ಟಿರುತ್ತದೆ.
ಆದರೂ ಒಮ್ಮೆ
ಯಾರೂ ಕರೆಂಟು ಬಿಲ್ಲು ಕಟ್ಟದ ಚಳಿಯನ್ನು ನೋಡಬೇಕು.

ಕುದುರೆಮುಖ ಎಂದದ್ದು ಇವರು.
"ಮೂವತ್ತು ವರ್ಷ ಕಡಲಿನಿಂದ ನೋಡಿದ್ದೇನೆ ಜಲಜ.
ಇಪ್ಪತ್ತು ಮಾರು ನೀರಿಗೆ ಹೋದರೆ
ಮರಳು ಮುಳುಗುತ್ತದೆ, ತೆಂಗು ಮುಳುಗುತ್ತದೆ,
ದೀಪಸ್ತಂಭವೂ ಮುಳುಗುತ್ತದೆ,
ಅದೊಂದು ಮುಳುಗುವುದಿಲ್ಲ.
ಬಲಗಣ್ಣಿನಲ್ಲಿ ಅದನ್ನು ಇಟ್ಟುಕೊಂಡು ಬಂದರೆ ಮಲ್ಪೆ.
ಈಗ ಜಿಪಿಎಸ್ ಉಂಟು, ಯಾರೂ ಅದರ ಮುಖ ನೋಡುವುದಿಲ್ಲ.
ಬೇಸರವಾಗಿರಬಹುದು.
ಒಮ್ಮೆ ಹೋಗಿ ಮಾತಾಡಿಸಿ ಬರುವ."

ಪಗ್ಗುವಿನಲ್ಲಿ ಎಂದುಕೊಂಡೆವು.
ಫಾರೆಸ್ಟಿನವರು ಫೋನಿನಲ್ಲಿ:
ಹುಲ್ಲು ಒಣಗಿದೆ, ಬೆಂಕಿಯ ಭಯ, ಗೇಟು ಬಂದ್.
ಬೇಶದಲ್ಲಿ ಇವರ ಅಕ್ಕನ ಮಗಳು ಶರ್ಮಿಳಾನ ಮದುವೆ.
ಟಿಕೇಟಿನ ದುಡ್ಡು ಅಲ್ಲಿಗೆ, ಬಳೆಗೆ.

ಕಾರ್ತೆಲಿನಲ್ಲಿ ಬೋಟು ದಡ ಹತ್ತಿತು, ಬಲೆ ಶೆಡ್ಡು ಸೇರಿತು.
ಅರವತ್ತೊಂದು ದಿನ ರಜೆ, ಸರಕಾರವೇ ಕೊಟ್ಟದ್ದು.
ಚೀಲ ತುಂಬಿಸಿದೆ. ಇಂಬಳಕ್ಕೆ ಉಪ್ಪು, ಹೊಗೆಸೊಪ್ಪು,
ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಎರಡು ಟವೆಲು.
ಹೊರಡುವ ಹಿಂದಿನ ರಾತ್ರಿ ಘಟ್ಟ ಜಾರಿತು.
ಟೀವಿಯಲ್ಲಿ ರಸ್ತೆ ಇರಲಿಲ್ಲ, ಕೆಂಪು ಮಣ್ಣಿತ್ತು,
ಮಣ್ಣಿನಲ್ಲಿ ನೆಟ್ಟಗೆ ನಿಂತ ಒಂದು ಮೈಲುಗಲ್ಲು.
ಆಟಿಯಲ್ಲಿ ಹೊಸ್ತಿಲು ದಾಟಬಾರದು, ಅತ್ತೆ.
ದಾಟಲಿಲ್ಲ.

ಸೋಣದಲ್ಲಿ ಕಡಲಿಗೆ ಹಾಲೆರೆದು ಬೋಟು ಇಳಿಸಿದರು.
ನನಗೆ ದಿನಕ್ಕೆ ಎರಡು ಪಾಳಿ.

ಹಸನಬ್ಬ ಮಾತ್ರ ಪ್ರತಿ ರಾತ್ರಿ ಹತ್ತುತ್ತಾನೆ,
ನಾನು ಎಣಿಸಿದ ಐಸು, ಇವರು ತಂದ ಬಂಗುಡೆ
ಅವನ ಟೆಂಪೋದಲ್ಲಿ ಹೇರಿಕೊಂಡು.
"ಹೇಗುಂಟು ಹಸನಬ್ಬ, ಘಟ್ಟದ ಮೇಲೆ?"
"ಕತ್ತಲೆ ಉಂಟು ಅಕ್ಕ. ಮತ್ತೆ ಎದುರಿನವನ ಲೈಟು."
ಬಂಗುಡೆ ಘಟ್ಟ ಹತ್ತುತ್ತದೆ, ಬೂತಾಯಿ ಹತ್ತುತ್ತದೆ,
ಐಸು ಹತ್ತುತ್ತಾ ಹತ್ತುತ್ತಾ ಕರಗಿ, ತಿರುವಿಗಿಷ್ಟು ತೊಟ್ಟಿಕ್ಕಿ,
ಯಾವುದೋ ತೋಡು ಹಿಡಿದು
ವಾಪಸು ಕಡಲಿಗೇ ಬರುತ್ತಿರಬೇಕು.
ಹೋಗಿ ಬಾರದವರು ನಾವಿಬ್ಬರೇ.

ಬೊಂತೆಲಿನಲ್ಲಿ ಒಂದು ಬೆಳಿಗ್ಗೆ
ಮಳೆ ತೊಳೆದಿಟ್ಟು ಹೋದ ಆಕಾಶ.
ಪ್ಲಾಂಟಿನ ನೀರಿನ ಟಾಂಕಿ ಹತ್ತಿದೆ, ವಾಲ್ವು ನೋಡುವ ನೆಪ.
ಮೂಡಣಕ್ಕೆ ಉದ್ದಕ್ಕೆ ನೀಲಿ ಗೆರೆ,
ಗೆರೆಯ ಬಲಕ್ಕೆ ಅದು, ತಲೆ ತಗ್ಗಿಸಿ ನೀರು ಕುಡಿಯುವ ಹಾಗೆ.
ಇವರು ಹೋಗಿ ಆರು ದಿನ. ಫೋನು ಸಿಗುವುದಿಲ್ಲ.
ಆದರೆ ಅಲ್ಲಿಂದ ಇವರೂ ನೋಡುತ್ತಿರಬಹುದು ಈಗ,
ನೋಡಿದರೆ,
ಅವರ ಕಣ್ಣಿಗೂ ಆ ಬೆಟ್ಟಕ್ಕೂ ನಡುವೆ ನಾನಿದ್ದೇನೆ,
ಮುಳುಗಿದ ಊರಿನಲ್ಲಿ, ಟಾಂಕಿಯ ಮೇಲೆ,
ಸೆರಗು ಹಾರದ ಹಾಗೆ ಹಿಡಿದುಕೊಂಡು.

ಕೆಳಗಿನಿಂದ ಮೇಸ್ತ್ರಿ ಕೂಗಿದ: "ವಾಲ್ವು ಎಂತ ಆಯ್ತು?"
"ಸರಿ ಉಂಟು," ಎಂದೆ.

ಪೆರಾರ್ದೆಯಲ್ಲಿ ಉಡುಪಿಯ ಬಸ್‌ಸ್ಟ್ಯಾಂಡಿನ ಎದುರು
ಟೊಪ್ಪಿ ಕೊಂಡೆ, ಕಂದು ಬಣ್ಣ, ನೂರ ಎಂಬತ್ತು ಹೇಳಿ
ನೂರ ಇಪ್ಪತ್ತಕ್ಕೆ ಕೊಟ್ಟ.
ಇವರು ಕಾಯಲಿಲ್ಲ, ಬೋಟಿನಲ್ಲೇ ಹಾಕಿಕೊಂಡರು ರಾತ್ರಿ ಪಾಳಿಗೆ.
ಡೀಸೆಲು, ಉಪ್ಪು, ಬಂಗುಡೆಯ ವಾಸನೆ ಹಿಡಿದು
ಮನೆಗೆ ಬಂತು.

ಕೊನೇ ಪುಟದಲ್ಲಿ ಐದು ತಿಂಗಳು ಹೊಡೆದುಹಾಕಿ
ಕೆಳಗೆ ಬರೆದಿದ್ದೇನೆ: ಮಾಯಿ.
ಆಗ ಮೀನು ಕಡಿಮೆ, ಹುಲ್ಲು ಇನ್ನೂ ಹಸಿ,
ಗೇಟು ತೆರೆದಿರುತ್ತದಂತೆ, ನೋಡುವ.

ಟೊಪ್ಪಿ ಒಗೆಯಲಿಲ್ಲ.
ಇಷ್ಟು ವರ್ಷ ದೂರದಿಂದಲೇ ನೋಡಿದ ಬೆಟ್ಟ,
ಹತ್ತಿರ ಹೋದಾಗ
ಅದಕ್ಕೂ ಇವರ ಗುರುತು ಸಿಗಬೇಕಲ್ಲ.